ಆ ಕಾಲೇಜಲ್ಲಿ ‘ಕ್ರೌಡ್’ ಹೇಗಿದೆ? ಆಪ್ಷನ್ ಎಂಟ್ರಿಗೆ ಮೊದಲು ಹಾಸನ ಜಿಲ್ಲೆಯ ಮಕ್ಕಳು, ಪೋಷಕರು ನೋಡಿಕೊಳ್ಳಬೇಕಾದ್ದು

ಹಾಸನ: ಸಿಇಟಿ ಆಪ್ಷನ್ ಎಂಟ್ರಿ ಶುರುವಾದ ವಾರ ನಮ್ಮ ಜಿಲ್ಲೆಯ ಯಾವುದೇ ಸೈಬರ್ ಸೆಂಟರ್‌ಗೆ ಹೋಗಿ ಅರ್ಧ ಗಂಟೆ ಕೂತರೆ ಸಾಕು. ಅಪ್ಪ ಕೇಳೋದು, ‘ಅಲ್ಲಿ ಸಹವಾಸ ಹೇಗೆ?’ ಮಗ ಇಲ್ಲ ಮಗಳು ಫೋನಲ್ಲಿ ಸೀನಿಯರ್‌ನ ಕೇಳೋದು, ‘ಕ್ರೌಡ್ ಹೇಗಿದೆ?’ ಎರಡೂ ಒಂದೇ ಪ್ರಶ್ನೆ. ಅಪ್ಪನಿಗೆ ಮಗ ಕೆಡ್ತಾನೇನೋ ಅನ್ನೋ ಭಯ, ಮಗನಿಗೆ ತಾನು ಒಂಟಿ ಆಗ್ತೀನೇನೋ ಅನ್ನೋ ಭಯ. ಕಟ್ ಆಫ್, ಫೀಸು, ಪ್ಲೇಸ್‌ಮೆಂಟ್ ಬಗ್ಗೆ ಲೆಕ್ಕ ಹಾಕೋಕೆ ಪಟ್ಟಿಗಳು ಸಿಗುತ್ತವೆ. ಈ ಪ್ರಶ್ನೆಗೆ ಮಾತ್ರ ಪಕ್ಕದ ಮನೆಯವರ ಮಾತು, ಕಾಲೇಜಿನ ರೀಲ್ಸು, ಇಷ್ಟೇ ಆಧಾರ.

ಇದನ್ನು ಸಣ್ಣ ವಿಷಯ ಅಂತ ತಳ್ಳಿ ಹಾಕೋ ಹಾಗಿಲ್ಲ. ನಮಗೆ ಗೊತ್ತಿರುವ ಅರಕಲಗೂಡು ಕಡೆಯ ಹುಡುಗನೊಬ್ಬ ಒಳ್ಳೆ ರ‍್ಯಾಂಕ್ ತೆಗೆದು ಬೆಂಗಳೂರಿನ ಹೆಸರಾಂತ ಕಾಲೇಜಿಗೆ ಸೇರಿದ. ಓದಲ್ಲಿ ಕಮ್ಮಿ ಇರಲಿಲ್ಲ. ಆದರೆ ಎರಡು ತಿಂಗಳು ತರಗತಿಯಲ್ಲಿ ಯಾರ ಜೊತೆಗೂ ನಾಲ್ಕು ಮಾತು ಆಡಲಿಲ್ಲ. ಪಿಜಿಯಲ್ಲಿ ರೂಮ್‌ಮೇಟ್ ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವವನು, ಇವನು ಬಂದಾಗ ಅವನು ಇಲ್ಲ. ಆಯುಧಪೂಜೆಗೆ ಊರಿಗೆ ಬಂದವನು ವಾಪಸ್ ಹೋಗಲಿಲ್ಲ. ಕಟ್ಟಿದ ಫೀಸು, ಪಿಜಿ ಅಡ್ವಾನ್ಸು, ಒಂದು ವರ್ಷ, ಮೂರೂ ಹೋಯಿತು. ಮನೆಯವರು ‘ಹೋಮ್ ಸಿಕ್’ ಅಂದರು. ಊರಿನವರು ಏನೇನೋ ಅಂದರು. ಅವನು ಹೇಳಿದ್ದು ಇಷ್ಟೇ: ‘ಊಟಕ್ಕೆ ಕರೆಯೋಕೆ ಒಬ್ಬ ಇದ್ದಿದ್ರೆ ಇರ್ತಿದ್ದೆ.’

ಎಷ್ಟು ತೂಕ ಕೊಡಬೇಕು?

ಮೊದಲೇ ಒಂದು ಮಾತು. ಫೆಸ್ಟ್ ಚೆನ್ನಾಗಿದೆ ಅಂತ ಬೇಡದ ಬ್ರಾಂಚ್ ತಗೊಳ್ಳಬೇಡಿ. ಕೋರ್ಸು, ಫೀಸು, ಪಾಠ ಮಾಡುವವರು, ಈ ಮೂರರ ನಂತರವೇ ವಾತಾವರಣದ ಮಾತು. ಆದರೆ ಆ ಮೂರೂ ಹೆಚ್ಚುಕಮ್ಮಿ ಒಂದೇ ಇರುವ ಎರಡು ಕಾಲೇಜು ಎದುರಿಗಿದ್ದಾಗ ತಕ್ಕಡಿ ವಾಲಿಸಬೇಕಾದ್ದು ಇದೇ. ವಿಟಿಯು ಅಡಿಯ, ಸ್ವಾಯತ್ತವಲ್ಲದ ಕಾಲೇಜುಗಳಿಗೆ ಸಿಲಬಸ್ ಒಂದೇ, ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಒಂದೇ. ಹಾಗಿದ್ದ ಮೇಲೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರೋದು ಅಲ್ಲಿನ ಜನರಿಂದ. ಮೇಷ್ಟ್ರುಗಳು ಮತ್ತು ಜೊತೆಗೆ ಓದುವವರು.

ಆಪ್ಷನ್ ಎಂಟ್ರಿಯಲ್ಲಿ ನೀವು ಕೊಟ್ಟ ಕ್ರಮದಲ್ಲೇ ಕೆಇಎ ಸೀಟು ಹಂಚುತ್ತೆ. ಅಣಕು ಹಂಚಿಕೆ ಬಂದ ಮೇಲೆ ಕ್ರಮ ಬದಲಿಸೋಕೆ ಅವಕಾಶ ಇರುತ್ತೆ. ಯಾವ ಕಾಲೇಜು ಸಿಗಬಹುದು ಅಂತ ಒಂದು ಅಂದಾಜು ಸಿಕ್ಕಿರುತ್ತೆ, ಹೋಗಿ ನೋಡೋಕೆ ಕೆಲವು ದಿನ ಇರುತ್ತೆ. ಸೀಟು ಕೈಗೆ ಬಂದ ಮೇಲೆ ನಾಲ್ಕು ಚಾಯ್ಸ್‌ನಲ್ಲಿ ಒಂದನ್ನು ಒತ್ತಲೇಬೇಕು: ಒಪ್ಪಿ ಸೇರೋದು, ಒಪ್ಪಿಟ್ಟುಕೊಂಡು ಮುಂದಿನ ಸುತ್ತಲ್ಲಿ ಇನ್ನೂ ಒಳ್ಳೇದಕ್ಕೆ ಕಾಯೋದು, ಬಿಟ್ಟು ಮುಂದಿನ ಸುತ್ತಿಗೆ ಹೋಗೋದು, ಪೂರ್ತಿ ಹೊರಬರೋದು. ಎರಡನೇ ಚಾಯ್ಸ್ ಕೊಟ್ಟವರಿಗೆ ಪಟ್ಟಿಯಲ್ಲಿ ಮೇಲಿನ ಕಾಲೇಜು ಸಿಕ್ಕರೆ ಕೆಳಗಿನದು ತಾನಾಗಿ ಹೋಗುತ್ತೆ. ‘ಅಯ್ಯೋ, ಅಲ್ಲಿಗೆ ಹೋಗೋಕೆ ಇಷ್ಟ ಇರಲಿಲ್ಲ, ಸುಮ್ಮನೆ ಮೇಲೆ ಹಾಕಿದ್ದೆ’ ಅನ್ನೋರು ಪ್ರತಿ ವರ್ಷ ಇರ್ತಾರೆ. ಇಷ್ಟವಿಲ್ಲದ ಜಾಗ ಪಟ್ಟಿಯ ಮೇಲ್ಭಾಗದಲ್ಲಿ ಇರಬಾರದು.

ಹಾಸನದಲ್ಲೇ ಓದಿದರೆ

ನಮ್ಮೂರಲ್ಲಿ ಆಯ್ಕೆ ಕಮ್ಮಿ ಏನಿಲ್ಲ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಹಿಮ್ಸ್, ಕಾರೆಕೆರೆ ಕೃಷಿ ಕಾಲೇಜು, ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜುಗಳು, ಹೆಣ್ಣುಮಕ್ಕಳಿಗೆ ಎ.ವಿ. ಕಾಂತಮ್ಮ ಕಾಲೇಜು. ಭಾಷೆ ನಮ್ಮದೇ, ಊಟ ನಮ್ಮದೇ, ಜ್ವರ ಬಂದರೆ ಸಂಜೆಗೆ ಅಮ್ಮ ಬರ್ತಾರೆ.

ತೊಂದರೆ ಇರೋದು ಬಸ್ಸಿನಲ್ಲಿ. ಪದವಿ ಕಾಲೇಜುಗಳ ಎಷ್ಟೋ ಮಕ್ಕಳು ಆಲೂರು, ಬೇಲೂರು, ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ಹಳ್ಳಿಗಳಿಂದ ದಿನಾ ಬಂದು ಹೋಗುವವರು. ತರಗತಿ ಮುಗಿದ ತಕ್ಷಣ ಬಸ್ ನಿಲ್ದಾಣಕ್ಕೆ ಓಟ. ನಾಟಕದ ರಿಹರ್ಸಲ್, ವಾಲಿಬಾಲ್ ಅಭ್ಯಾಸ, ಚರ್ಚಾಕೂಟ ಎಲ್ಲಾ ಇಡೋದು ಸಂಜೆಗೇ. ಊರಿಗೆ ಇರೋದೇ ಒಂದು ಕೊನೇ ಬಸ್ಸು ಅಂದ್ರೆ ಆ ಹುಡುಗಿ ವೇದಿಕೆ ಹತ್ತೋದು ಯಾವಾಗ? ಮೂರು ವರ್ಷ ಒಂದೇ ಬೆಂಚಲ್ಲಿ ಕೂತರೂ ಗೆಳೆತನ ಬಸ್ಸಿನೊಳಗಿನವರ ಜೊತೆಗೇ ನಿಂತುಹೋಗುತ್ತೆ, ಅದೂ ಪಿಯುಸಿಯಿಂದಲೇ ಗೊತ್ತಿದ್ದವರು. ಹೊಸಬರು ಯಾರೂ ಬದುಕಿನೊಳಗೆ ಬರೋದಿಲ್ಲ.

ಅದಕ್ಕೆ ಹಾಸನದಲ್ಲೇ ಓದಿಸುವ ಪೋಷಕರಿಗೆ ನಮ್ಮ ಸಲಹೆ: ಮನೆ 30 ಕಿಲೋಮೀಟರ್ ದೂರವಿದ್ದರೂ, ಆದರೆ ಹಾಸ್ಟೆಲಿಗೆ ಹಾಕಿ. ಶಕ್ತಿ ಯೋಜನೆಯಿಂದ ಬಸ್ಸು ಬಿಟ್ಟಿ ಅನ್ನೋದು ನಿಜ, ಆದರೆ ದಿನಕ್ಕೆ ಮೂರು ಗಂಟೆ ಬಸ್ಸಲ್ಲಿ ಹೋಗೋದು ಬಿಟ್ಟಿ ಅಲ್ಲ. ಹಾಸ್ಟೆಲ್ ಆಗಲ್ಲ ಅಂದ್ರೆ ಕಾಲೇಜಿನಲ್ಲಿ ಮಧ್ಯಾಹ್ನದ ಬಿಡುವಲ್ಲಿ ಏನಾದರೂ ನಡೆಯುತ್ತಾ ಕೇಳಿ. ಎನ್‌ಎಸ್‌ಎಸ್ ಘಟಕ ಚುರುಕಾಗಿರೋ ಕಡೆ ಡೇ ಸ್ಕಾಲರ್‌ಗಳಿಗೂ ದಾರಿ ಇದೆ. ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ ಏಳು ದಿನ ಯಾವುದೋ ಹಳ್ಳಿ ಶಾಲೆಯಲ್ಲಿ ಮಲಗಿ, ಒಟ್ಟಿಗೆ ಅಡುಗೆ ಮಾಡಿ, ಚರಂಡಿ ತೆಗೆದವರು ಹತ್ತು ವರ್ಷ ಆದಮೇಲೂ ಒಬ್ಬರ ಮದುವೆಗೆ ಒಬ್ಬರು ಬರ್ತಾರೆ. ಕಾಲೇಜಿನ ನಾಲ್ಕು ಗೋಡೆ ಮಾಡದ ಕೆಲಸ ಅದು.

ಮೈಸೂರು

ಸುಮಾರು 120 ಕಿಲೋಮೀಟರ್. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ರೈಲೂ ಇದೆ. ನಮ್ಮ ಕಡೆಯವರು ಅಲ್ಲಿ ಎಷ್ಟಿದ್ದಾರೆ ಅಂದ್ರೆ ಮೊದಲ ದಿನವೇ ‘ನೀವು ಹಾಸನದಲ್ಲಿ ಎಲ್ಲಿ?’ ಅನ್ನೋರು ಸಿಗ್ತಾರೆ. 1946ರ ಎನ್‌ಐಇ, 1963ರ ಎಸ್‌ಜೆಸಿಇ, ಜೊತೆಗೆ ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳು, ಮಾನಸಗಂಗೋತ್ರಿ. ಊರೇ ವಿದ್ಯಾರ್ಥಿಗಳ ಊರು. ಕಾಲೇಜು ಗೇಟಿನಾಚೆ ಏನಿದೆ ಅನ್ನೋದು ಇಲ್ಲಿ ಮುಖ್ಯ: ಕುಕ್ಕರಹಳ್ಳಿ ಕೆರೆ ದಂಡೆ, ರಂಗಾಯಣದ ನಾಟಕಗಳು, ಬಹುರೂಪಿ ಉತ್ಸವ, ದಸರೆಗೆ ಮೊದಲು ಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯೋ ಯುವ ಸಂಭ್ರಮ. ರಾಜ್ಯದ ನಾನಾ ಕಡೆಯ ಕಾಲೇಜು ತಂಡಗಳು ಬಂದು ಕುಣಿಯುತ್ತವೆ. ಕನ್ನಡ ಮಾಧ್ಯಮದಿಂದ ಬಂದ, ಸ್ವಲ್ಪ ಸಂಕೋಚದ ಸ್ವಭಾವದ ಮಗು ಮನೆಯಿಂದ ಮೊದಲ ಸಲ ಹೊರಗೆ ಇರೋಕೆ ಇದಕ್ಕಿಂತ ಮೆತ್ತನೆಯ ಊರು ನಮಗೆ ತೋಚೋದಿಲ್ಲ. (ಬರೆಯುವವರಿಗೆ ಮೈಸೂರಿನ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಅದನ್ನ ಕಳೆದು ಓದಿ.)

ಒಂದು ಎಚ್ಚರ. ನಮ್ಮೂರಿನವರೇ ಜಾಸ್ತಿ ಇರೋದರಿಂದ ನಮ್ಮ ತಾಲ್ಲೂಕು, ನಮ್ಮ ಜನ ಅಂತ ಗುಂಪು ಕಟ್ಟಿಕೊಂಡು ಅದರಲ್ಲೇ ನಾಲ್ಕು ವರ್ಷ ಕಳೆಯೋದೂ ಸುಲಭ. ಮೈಸೂರು, ಬೆಂಗಳೂರು ಎರಡೂ ಕಡೆ ಮಠಗಳು, ಸಮುದಾಯದ ಸಂಘಗಳು ನಡೆಸೋ ವಿದ್ಯಾರ್ಥಿ ನಿಲಯಗಳಿವೆ. ಅವಿಲ್ಲದಿದ್ದರೆ ನಮ್ಮ ಅಪ್ಪಂದಿರ ಕಾಲದವರು ಎಷ್ಟೋ ಜನ ಡಿಗ್ರಿಯೇ ಮಾಡ್ತಿರಲಿಲ್ಲ, ಆ ಉಪಕಾರ ಮರೆಯೋ ಹಾಗಿಲ್ಲ. ಖರ್ಚು ಕಮ್ಮಿ, ಊಟ ಚೆನ್ನಾಗಿರುತ್ತೆ, ಶಿಸ್ತು ಇರುತ್ತೆ. ಆದರೆ ರೂಮಿನಲ್ಲೂ ಊಟದ ಸಾಲಲ್ಲೂ ಒಂದೇ ಜಾತಿಯವರು ಅಂದ ಮೇಲೆ, ಬೇರೆಯವರ ಮನೆ ಅಡುಗೆ ಹೇಗಿರುತ್ತೆ ಅಂತ ಗೊತ್ತಾಗೋದು ಕಾಲೇಜಿನಲ್ಲಿ ಮಾತ್ರ. ಅಂಥ ನಿಲಯದಲ್ಲಿ ಇರುವವರು ಕಾಲೇಜಿನ ಒಂದು ತಂಡಕ್ಕಾದರೂ ಸೇರಲೇಬೇಕು ಅಂತ ನಾವು ಹೇಳ್ತೀವಿ.

ಘಟ್ಟದ ಕೆಳಗೆ

ಸಕಲೇಶಪುರ ದಾಟಿ ಘಟ್ಟ ಇಳಿದರೆ ಇನ್ನೊಂದು ಲೋಕ. ದಕ್ಷಿಣ ಕನ್ನಡದ ಕಾಲೇಜುಗಳ ಬಗ್ಗೆ ನಮ್ಮ ಜಿಲ್ಲೆಯಲ್ಲಿ ‘ಅಲ್ಲಿ ಸ್ಟ್ರಿಕ್ಟು’ ಅನ್ನೋ ಒಂದೇ ಮಾತು ಓಡಾಡುತ್ತೆ. ಅರ್ಧ ನಿಜ. ಸಂಜೆ ಹೊರಗೆ ಬಿಡದ, ಫೋನಿಗೆ ಸಮಯ ಕಟ್ಟಿದ ಹಾಸ್ಟೆಲುಗಳು ಅಲ್ಲಿ ಇವೆ. ಉಜಿರೆಯ ಸಿದ್ಧವನ ಗುರುಕುಲದಂಥ ಕಡೆ ಬೆಳಗ್ಗೆ ಯೋಗ, ಜೊತೆಗೆ ತೋಟದ ಕೆಲಸವೂ ದಿನಚರಿಯ ಭಾಗ. ಆದರೆ ಅದೇ ಜಿಲ್ಲೆ ಕಾಲೇಜು ಮಕ್ಕಳನ್ನು ವೇದಿಕೆಗೆ, ಮೈದಾನಕ್ಕೆ ಹತ್ತಿಸೋದರಲ್ಲಿ ರಾಜ್ಯದಲ್ಲೇ ಮುಂದು. ಯಕ್ಷಗಾನ ಬಲ್ಲ ಮೇಷ್ಟ್ರು, ವಿದ್ಯಾರ್ಥಿಗಳ ಯಕ್ಷಗಾನ ತಂಡ ಇರೋ ಕಾಲೇಜುಗಳು ಅಲ್ಲಿ ಅಪರೂಪ ಅಲ್ಲ. ಮೂಡಬಿದಿರೆಯ ಆಳ್ವಾಸ್‌ನಲ್ಲಿ ಕ್ರೀಡೆ, ಕಲೆಯಲ್ಲಿ ಮುಂದಿರೋ ಮಕ್ಕಳಿಗೆ ಉಚಿತವಾಗಿ ಓದಿಸೋ ದತ್ತು ಯೋಜನೆ ಇದೆ. ಕಬಡ್ಡಿ, ಓಟ, ನೃತ್ಯದಲ್ಲಿ ರಾಜ್ಯಮಟ್ಟ ಮುಟ್ಟಿದ ಮಗು ನಿಮ್ಮ ಮನೆಯಲ್ಲಿದ್ದರೆ ಕಟ್ ಆಫ್ ನೋಡೋ ಮೊದಲು ಇಂಥ ಕಡೆ ವಿಚಾರಿಸಿ. ಮಂಗಳೂರಿನ ಸಂತ ಅಲೋಶಿಯಸ್ (1880), ಹೆಣ್ಣುಮಕ್ಕಳ ಸಂತ ಆಗ್ನೆಸ್ (1921) ಹಳೆಯ ಸಂಸ್ಥೆಗಳು, ಅಲ್ಲಿ ಸಂಘಗಳ ಸಂಪ್ರದಾಯವೂ ಹಳೆಯದು. ಸುರತ್ಕಲ್‌ನ ಎನ್‌ಐಟಿಕೆ ಸಿಇಟಿ ಮೂಲಕ ಸಿಗಲ್ಲ, ಅದಕ್ಕೆ ಜೆಇಇ. ಅಲ್ಲಿ ಅರ್ಧ ದೇಶವೇ ಹಾಸ್ಟೆಲಲ್ಲಿ ಇರುತ್ತೆ, ಲೆಕ್ಕವೇ ಬೇರೆ.

ನಮ್ಮ ಮಕ್ಕಳಿಗೆ ಅಲ್ಲಿ ಮೊದಲು ತೊಡಕಾಗೋದು ಭಾಷೆ. ಎಲ್ಲರಿಗೂ ಕನ್ನಡ ಬರುತ್ತೆ, ನಮಗಿಂತ ಶುದ್ಧವಾಗಿಯೇ ಮಾತಾಡ್ತಾರೆ. ಆದರೆ ಬಿಡುವಿನಲ್ಲಿ ಕ್ಯಾಂಟೀನಲ್ಲಿ ಕೂತಾಗ ತುಳುವಿಗೆ ತಿರುಗ್ತಾರೆ, ಇಲ್ಲ ಬ್ಯಾರಿ, ಕೊಂಕಣಿ, ಮಲಯಾಳಂ. ಬೇಕು ಅಂತ ಮಾಡೋದಲ್ಲ. ನಗು ಎಲ್ಲಿಂದ ಬಂತು ಅಂತ ಗೊತ್ತಾಗದೆ ಸುಮ್ಮನೆ ಹಲ್ಲುಕಿರಿದು ಕೂತವರು ಎರಡನೇ ತಿಂಗಳಿಗೆ ‘ಎಂಚ ಉಲ್ಲರ್’ ಕಲಿತು ಬಚಾವಾಗ್ತಾರೆ. ಕಲಿಯದೆ ಮುನಿಸಿಕೊಂಡವರು ಹಾಸನದವರ ಗುಂಪು ಹುಡುಕಿಕೊಂಡು ಹೋಗ್ತಾರೆ. ‘ಹೋಗೋ, ಬಾರೋ’ ಅನ್ನೋ ನಮ್ಮ ಸಲುಗೆ ಅಲ್ಲಿ ಮೊದಲ ವಾರ ಒರಟು ಅನ್ನಿಸಬಹುದು, ಅದೂ ನೆನಪಿರಲಿ.

ಇನ್ನೊಂದು ಲೆಕ್ಕ ಬಸ್ಸಿನದು. ಮಂಗಳೂರು ನಗರದೊಳಗೆ ಓಡಾಡುವ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚು, ಅವಕ್ಕೆ ಶಕ್ತಿ ಯೋಜನೆ ಇಲ್ಲ. ಹಾಸನದಿಂದ ಮಂಗಳೂರಿಗೆ ಸಾಮಾನ್ಯ ಸಾರಿಗೆ ಬಸ್ಸಲ್ಲಿ ಮಗಳು ಬಿಟ್ಟಿಯಾಗಿ ಹೋದರೂ ಅಲ್ಲಿ ದಿನಾ ಕಾಲೇಜಿಗೆ ಟಿಕೆಟ್ ತಗೋಬೇಕು, ಪಿಜಿ ದೂರ ಹಿಡಿಯಬೇಡಿ. ಮಳೆಗಾಲದಲ್ಲಿ ಶಿರಾಡಿ ಮುಚ್ಚೋದು ನಮಗೆ ಹೊಸದಲ್ಲ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲೂ ಹಲವು ದಿನ ನಿಂತಿತ್ತು. ‘ಪ್ರತಿ ಶನಿವಾರ ಬಂದುಬಿಡ್ತೀನಮ್ಮ’ ಅನ್ನೋ ಭರವಸೆ ಮೇಲೆ ಘಟ್ಟದ ಕೆಳಗಿನ ಕಾಲೇಜು ಆರಿಸಬೇಡಿ.

ಬೆಂಗಳೂರು ಅನ್ನೋದು ಒಂದೂರಲ್ಲ

ಬೆಂಗಳೂರಿಗೆ ಸೀಟು ಸಿಕ್ತು ಅಂದ ತಕ್ಷಣ ಮನೆಯಲ್ಲಿ ಸಿಹಿ ಹಂಚ್ತಾರೆ. ಯಾವ ಬೆಂಗಳೂರು ಅಂತ ಯಾರೂ ಕೇಳಲ್ಲ. ಬಸವನಗುಡಿಯ ಬಿಎಂಎಸ್, ಮತ್ತಿಕೆರೆಯ ರಾಮಯ್ಯ, ಮೈಸೂರು ರಸ್ತೆಯ ಆರ್‌ವಿ, 1917ರ ಯುವಿಸಿಇ, ಇವು ದೊಡ್ಡ ಫೆಸ್ಟ್, ಹತ್ತಾರು ಕ್ಲಬ್, ನಾಡಿನ ಎಲ್ಲ ಕಡೆಯ ಮಕ್ಕಳು ಇರೋ ಜಾಗಗಳು. ಆರ್‌ವಿಯ ‘8ತ್ ಮೈಲ್’, ಬಿಎಂಎಸ್‌ನ ‘ಉತ್ಸವ್’ ಹೆಸರು ಹಾಸನದ ಪಿಯು ಮಕ್ಕಳಿಗೂ ಗೊತ್ತು. ಆದರೆ ಬೆಂಗಳೂರು ವಿಳಾಸದ ಎಷ್ಟೋ ಕಾಲೇಜು ಇರೋದು ನೆಲಮಂಗಲ, ಯಲಹಂಕ, ಎಲೆಕ್ಟ್ರಾನಿಕ್ ಸಿಟಿಯ ಆಚೆ. ಸುತ್ತ ಲೇಔಟು, ಪಿಜಿ, ಹೆದ್ದಾರಿ. ಸಂಜೆ ಆರಕ್ಕೆ ಕ್ಯಾಂಪಸ್ ಖಾಲಿ. ಅಂಥ ಕಡೆ ಓದೋದಕ್ಕೂ ನಮ್ಮ ಸಾಲಗಾಮೆ ರಸ್ತೆಯಲ್ಲಿ ಓದೋದಕ್ಕೂ ಒಡನಾಟದ ವಿಷಯದಲ್ಲಿ ಬೆಂಗಳೂರೇ ಮೇಲು ಅಂತ ಹೇಳೋಕಾಗಲ್ಲ.

ಇಂಗ್ಲಿಷ್ ಬಗ್ಗೆ ನೇರವಾಗಿ ಹೇಳಬೇಕು. ಹೆಸರಾಂತ ಕಾಲೇಜುಗಳ ಮೊದಲ ತಿಂಗಳು ಸಿಟಿ ಶಾಲೆಗಳಿಂದ ಬಂದವರದ್ದೇ ಮಾತು. ಅವರು ಮೊದಲೇ ಒಬ್ಬರಿಗೊಬ್ಬರು ಗೊತ್ತು, ಕ್ಲಬ್ಬಿನ ಇಂಟರ್‌ವ್ಯೂಗೆ ಹೇಗೆ ಮಾತಾಡಬೇಕು ಅಂತ ಗೊತ್ತು. ನಮ್ಮ ಮಕ್ಕಳು ಕೈ ಎತ್ತೋದರೊಳಗೆ ಆಯ್ಕೆ ಮುಗಿದಿರುತ್ತೆ. ಇದಕ್ಕೆ ಹೆದರಿ ಆ ಕಾಲೇಜು ಬಿಡಿ ಅಂತಲ್ಲ. ಕನ್ನಡ ಸಂಘ ಜೀವಂತ ಇದೆಯಾ ನೋಡಿ. ರಾಜ್ಯೋತ್ಸವದ ದಿನ ಬಾವುಟ ಹಾರಿಸಿ ಸುಮ್ಮನಾಗೋ ಸಂಘ ಅಲ್ಲ, ವರ್ಷಪೂರ್ತಿ ನಾಟಕ, ಪತ್ರಿಕೆ, ರಸಪ್ರಶ್ನೆ ಏನಾದರೂ ಮಾಡೋದು. ಎಂಜಿನಿಯರಿಂಗ್ ಕಾಲೇಜಲ್ಲಿ ಕನ್ನಡ ಸಂಘ ಅನ್ನೋದು ಹಳ್ಳಿಯಿಂದ ಬಂದ ಮಗುವಿಗೆ ಮೊದಲ ಬಾಗಿಲು. ಅಲ್ಲಿ ಧೈರ್ಯ ಬಂದ ಮೇಲೆ ಕೋಡಿಂಗ್ ಕ್ಲಬ್ಬಿಗೂ ಹೋಗ್ತಾರೆ. ಆ ಅರಕಲಗೂಡಿನ ಹುಡುಗನ ಕಾಲೇಜಲ್ಲೂ ಅಂಥದ್ದೊಂದು ಇತ್ತಂತೆ, ಅವನಿಗೆ ಗೊತ್ತಾಗಿದ್ದು ಬಿಟ್ಟುಬಂದ ಮೇಲೆ.

ಪಿಜಿಯೋ ಹಾಸ್ಟೆಲೋ ಅಂದರೆ ಮೊದಲ ವರ್ಷಕ್ಕೆ ಹಾಸ್ಟೆಲ್. ಪಿಜಿಯಲ್ಲಿ ಇರೋರು ಬೇರೆ ಬೇರೆ ವಯಸ್ಸು, ಬೇರೆ ಬೇರೆ ಕೆಲಸ. ಹಾಸ್ಟೆಲಲ್ಲಿ ಎಲ್ಲರಿಗೂ ನಾಳೆ ಅದೇ ಟೆಸ್ಟು, ಅದೇ ಹೆದರಿಕೆ. ಎರಡನೇ ವರ್ಷ ಗೆಳೆಯರು ಸಿಕ್ಕಮೇಲೆ ನಾಲ್ಕು ಜನ ಸೇರಿ ರೂಮ್ ಮಾಡಿದರಾಯ್ತು.

ಕಾಗದದಲ್ಲೇ ಎಷ್ಟೋ ಗೊತ್ತಾಗುತ್ತೆ

ಬ್ರೋಷರ್ ಪಕ್ಕಕ್ಕಿಡಿ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ಮಾಹಿತಿಯ ಪಿಡಿಎಫ್‌ನ ವೆಬ್‌ಸೈಟಲ್ಲಿ ಹಾಕಿರುತ್ತವೆ. ಅದರಲ್ಲಿ ಒಟ್ಟು ವಿದ್ಯಾರ್ಥಿಗಳೆಷ್ಟು, ಹುಡುಗರೆಷ್ಟು, ಹುಡುಗಿಯರೆಷ್ಟು, ರಾಜ್ಯದೊಳಗಿನವರು, ಹೊರರಾಜ್ಯದವರು, ಆರ್ಥಿಕವಾಗಿ ಹಿಂದುಳಿದವರು ಎಷ್ಟು ಅಂತ ಇರುತ್ತೆ. ನೂರಕ್ಕೆ ನಲವತ್ತು ಜನ ಹೊರರಾಜ್ಯದವರು ಇದ್ದರೆ ಹಾಸ್ಟೆಲಲ್ಲಿ ಹಿಂದಿ ಕೇಳೋಕೆ ಸಿದ್ಧರಾಗಿ. ಮಗಳು ಸೇರೋ ಮೆಕ್ಯಾನಿಕಲ್ ತರಗತಿಯಲ್ಲಿ ಎಷ್ಟು ಹುಡುಗಿಯರಿದ್ದಾರೆ ಅನ್ನೋದು ಅದರಲ್ಲಿ ಸಿಗಲ್ಲ, ಅದನ್ನು ವಿಭಾಗದಲ್ಲೇ ಕೇಳಬೇಕು.

ನ್ಯಾಕ್ ವರದಿಯಲ್ಲಿ ಏಳು ಮಾನದಂಡ ಇವೆ. ಐದನೆಯದು ವಿದ್ಯಾರ್ಥಿಗಳ ಬೆಂಬಲ ಮತ್ತು ಪ್ರಗತಿಗೆ ಸಂಬಂಧಿಸಿದ್ದು. ಎಷ್ಟು ಕ್ರೀಡೆ, ಸಾಂಸ್ಕೃತಿಕ ಕಾರ್ಯಕ್ರಮ ಆದವು, ಎಷ್ಟು ಬಹುಮಾನ ಬಂತು, ದೂರು ಸಮಿತಿಗಳು ಇವೆಯಾ ಎಲ್ಲಾ ಅಲ್ಲಿ ಸಿಗುತ್ತೆ. ಕಾಲೇಜು ವರ್ಷ ವರ್ಷ ಕೊಡೋ ಎಕ್ಯೂಎಆರ್ ಅನ್ನೋ ವರದಿಯಲ್ಲೂ ಇದು ಇರುತ್ತೆ. ಎರಡು-ಮೂರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಪ್ರತಿ ವರ್ಷ ಅದೇ ನಾಲ್ಕು ಹೆಸರು ಬಹುಮಾನ ಪಟ್ಟಿಯಲ್ಲಿದ್ದರೆ ಅಲ್ಲಿ ನಾಲ್ಕು ಜನ ಕುಣೀತಾರೆ, ಉಳಿದವರು ಚಪ್ಪಾಳೆ ಹೊಡೀತಾರೆ ಅಂತ ಅರ್ಥ.

ವಿಟಿಯು ಕಾಲೇಜುಗಳಲ್ಲಿ ಡಿಗ್ರಿ ಕೈಗೆ ಬರಬೇಕಾದರೆ ಎಐಸಿಟಿಇ ಚಟುವಟಿಕೆ ಅಂಕ 100 ಆಗಬೇಕು, ಲ್ಯಾಟರಲ್ ಎಂಟ್ರಿಯವರಿಗೆ 75. ಸಮಾಜಸೇವೆಯ ಕೆಲಸಗಳಿಂದ ಬರಬೇಕಾದ ಅಂಕ ಅದು. ಕೆಲವು ಕಾಲೇಜಲ್ಲಿ ಇದು ನಿಜವಾಗಿ ಹಳ್ಳಿಗೆ ಹೋಗಿ ಮಾಡೋ ಕೆಲಸ, ಕೆಲವು ಕಡೆ ಫೋಟೋ ಅಂಟಿಸಿದ ಫೈಲು. ಸೀನಿಯರ್‌ನ ‘ಪಾಯಿಂಟ್ಸ್ ಹೇಗೆ ಮಾಡಿದ್ರಿ?’ ಅಂತ ಕೇಳಿದರೆ ಆ ಕಾಲೇಜಿನ ಸ್ವಭಾವವೇ ಗೊತ್ತಾಗಿಬಿಡುತ್ತೆ. ಹಾಗೆಯೇ ಹಾಜರಾತಿ. ವಿಟಿಯು ನಿಯಮದಲ್ಲಿ ಶೇ 85 ಬೇಕು. ಕಾಲೇಜನ್ನು ಪ್ರತಿನಿಧಿಸಿ ಹೊರಗೆ ಸ್ಪರ್ಧೆಗೆ ಹೋದ ದಿನಕ್ಕೆ ಹಾಜರಾತಿ ಕೊಡ್ತಾರಾ, ಇಲ್ಲ ಪ್ರಿನ್ಸಿಪಾಲರ ಬಾಗಿಲಲ್ಲಿ ಮೂರು ದಿನ ನಿಲ್ಲಬೇಕಾ ಕೇಳಿಕೊಳ್ಳಿ.

ಹೋಗಿ ನೋಡೋದು ಯಾವಾಗ?

ಅಡ್ಮಿಷನ್ ಕೌಂಟರ್ ತೆರೆದಿರೋ ಬೆಳಗ್ಗೆ ಹತ್ತು ಗಂಟೆಗಲ್ಲ. ಆಗ ಎಲ್ಲ ಕಾಲೇಜೂ ಒಂದೇ ಥರ. ಸಂಜೆ ನಾಲ್ಕೂವರೆ ನಂತರ ಇರಿ. ಮೈದಾನದಲ್ಲಿ ಯಾರಾದರೂ ಇದ್ದಾರಾ? ಹುಡುಗಿಯರು ಆಡ್ತಿದ್ದಾರಾ, ಕಟ್ಟೆ ಮೇಲೆ ಕೂತಿದ್ದಾರಾ? ಲೈಬ್ರರಿ ಎಷ್ಟು ಹೊತ್ತಿಗೆ ಮುಚ್ಚುತ್ತೆ? ನೋಟಿಸ್ ಬೋರ್ಡಲ್ಲಿ ಫೀಸಿನ ಸುತ್ತೋಲೆ ಬಿಟ್ಟು ಬೇರೇನಾದರೂ ಅಂಟಿಸಿದ್ದಾರಾ? ಕ್ಯಾಂಟೀನಲ್ಲಿ ಒಂದು ಕಾಫಿ ತಗೊಂಡು ಇಪ್ಪತ್ತು ನಿಮಿಷ ಕೂತ್ಕೊಳ್ಳಿ. ಒಂಟಿಯಾಗಿ ಫೋನ್ ನೋಡ್ತಾ ತಿನ್ನೋರು ಎಷ್ಟು ಜನ ಅಂತ ಎಣಿಸಿ, ಹೆಚ್ಚೇನೂ ಬೇಡ.

ಮಾತಾಡಿಸೋದಾದರೆ ಕಾಲೇಜು ತೋರಿಸಿದ ವಿದ್ಯಾರ್ಥಿಯನ್ನಲ್ಲ. ನಿಮ್ಮ ತಾಲ್ಲೂಕಿನಿಂದ ಹೋಗಿ ಎರಡನೇ ವರ್ಷದಲ್ಲಿ ಇರೋರನ್ನು ಹುಡುಕಿ. ಕೊನೇ ವರ್ಷದವರಿಗೆ ಕಷ್ಟ ಮರೆತಿರುತ್ತೆ, ಮೊದಲ ವರ್ಷದವರಿಗೆ ಇನ್ನೂ ಗೊತ್ತಾಗಿರಲ್ಲ. ‘ಕಾಲೇಜು ಹೇಗಿದೆ?’ ಅಂದರೆ ‘ಸೂಪರ್ ಆಗಿದೆ’ ಅಂತಾರೆ. ಬದಲಿಗೆ ‘ಕಳೆದ ಭಾನುವಾರ ಏನು ಮಾಡಿದ್ರಿ?’ ಅಂತ ಕೇಳಿ. ‘ಹುಷಾರಿಲ್ಲದಾಗ ಆಸ್ಪತ್ರೆಗೆ ಯಾರು ಕರ್ಕೊಂಡು ಹೋದ್ರು?’ ಅಂತ ಕೇಳಿ. ಅಪ್ಪ-ಅಮ್ಮ ಸ್ವಲ್ಪ ದೂರ ನಿಂತು ಮಗು ಒಬ್ಬನೇ ಮಾತಾಡೋಕೆ ಬಿಟ್ಟರೆ ಉತ್ತರ ಇನ್ನೂ ನಿಜ ಇರುತ್ತೆ.

ಹೆಣ್ಣುಮಕ್ಕಳ ಹಾಸ್ಟೆಲ್ ನಿಯಮ ಬೇರೆಯಾಗಿ ಓದಬೇಕು. ಹುಡುಗರ ಗೇಟು ಒಂಬತ್ತೂವರೆಗೆ, ಹುಡುಗಿಯರದ್ದು ಆರೂವರೆಗೆ ಮುಚ್ಚೋ ಕಡೆ ಸಂಜೆಯ ಲ್ಯಾಬು, ಕ್ಲಬ್ಬು, ರಿಹರ್ಸಲ್ ಎಲ್ಲ ಹುಡುಗರಿಗೇ ಮೀಸಲಾದ ಹಾಗೆ. ಪೋಷಕರಿಗೆ ಬೇಗ ಮುಚ್ಚೋ ಗೇಟು ಸಮಾಧಾನ ಕೊಡುತ್ತೆ, ಗೊತ್ತು. ಆದರೆ ತಡವಾದರೆ ಏನು ವ್ಯವಸ್ಥೆ ಅಂತ ಕೇಳಿ. ಮೇಷ್ಟ್ರ ಚೀಟಿ ತಂದರೆ ಬಿಡ್ತಾರಾ, ಲೈಬ್ರರಿಯಿಂದ ಹಾಸ್ಟೆಲಿಗೆ ದೀಪ ಇದೆಯಾ, ಜೊತೆಗೆ ಕಾವಲುಗಾರರು ಬರ್ತಾರಾ. ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು ಅನ್ನೋದು ಕಾನೂನು, ಅದರ ಸದಸ್ಯರ ಹೆಸರು ಗೋಡೆ ಮೇಲಿದೆಯಾ ನೋಡಿ.

ರ‍್ಯಾಗಿಂಗ್

‘ಸೀನಿಯರ್‌ಗಳ ಪರಿಚಯ ಅಷ್ಟೇ’ ಅನ್ನೋ ಮಾತು ನಂಬಬೇಡಿ. 2009ರ ಮಾರ್ಚಿನಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜಲ್ಲಿ ಅಮನ್ ಕಾಚ್ರೂ ಸತ್ತ ವರ್ಷವೇ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಾವಳಿ ತಂದಿತು. ಅದರ ಪ್ರಕಾರ ವಿದ್ಯಾರ್ಥಿ, ಪೋಷಕ ಇಬ್ಬರೂ ಪ್ರಮಾಣಪತ್ರ ಕೊಡಬೇಕು. ಸಾಧ್ಯವಾದಷ್ಟೂ ಮೊದಲ ವರ್ಷದವರಿಗೆ ಹಾಸ್ಟೆಲಲ್ಲಿ ಬೇರೆ ಬ್ಲಾಕ್ ಇರಬೇಕು. ಈ ಬ್ಲಾಕ್ ಇದೆಯಾ ಅನ್ನೋದು ನೀವು ಕಣ್ಣಾರೆ ನೋಡಬಹುದಾದ ವಿಷಯ, ನೋಡಿ. ಸಹಾಯವಾಣಿ 1800-180-5522, ಹಗಲು ರಾತ್ರಿ ಕೆಲಸ ಮಾಡುತ್ತೆ. ಮಗುವಿನ ಫೋನಲ್ಲಿ ಈ ನಂಬರ್ ಜೊತೆ ಟೆಲಿ ಮಾನಸ್‌ನ 14416 ಕೂಡ ಸೇವ್ ಮಾಡಿಸಿ. ಮನಸ್ಸು ಭಾರವಾದಾಗ ಕನ್ನಡದಲ್ಲೇ ಮಾತಾಡಬಹುದು, ಬಿಟ್ಟಿ ಕರೆ.

ಸೇರಿದ ಮೇಲೆ ಮೊದಲ ಆರು ವಾರ

ಪ್ರತಿ ಶನಿವಾರ ಊರಿಗೆ ಓಡಿ ಬರೋ ಮಗುವಿಗೆ ಕಾಲೇಜಲ್ಲಿ ಗೆಳೆಯರು ಆಗೋದು ಕಷ್ಟ. ಗೆಳೆತನ ಹುಟ್ಟೋದು ತರಗತಿಯಲ್ಲಲ್ಲ, ಭಾನುವಾರ ಬಟ್ಟೆ ಒಗೆಯೋ ಕಲ್ಲಿನ ಹತ್ರ, ಮೆಸ್ ರಜಾ ಇದ್ದಾಗ ಹೋಟೆಲ್ ಹುಡುಕೋ ದಾರಿಯಲ್ಲಿ. ಹಾಸನಾಂಬ ದರ್ಶನಕ್ಕೋ ದೀಪಾವಳಿಗೋ ಬರಲಿ. ಅದಕ್ಕೂ ಮೊದಲು ಒಂದೆರಡು ಭಾನುವಾರ ಅಲ್ಲೇ ಇರಲಿ. ಆದರೆ ಮಗ ಫೋನಲ್ಲಿ ಮೂರು ವಾರವಾದರೂ ಒಬ್ಬರ ಹೆಸರೂ ಹೇಳಲಿಲ್ಲ ಅಂದರೆ ಕಾಯಬೇಡಿ, ಒಂದು ದಿನ ರಜ ಹಾಕಿ ಹೋಗಿ ಬನ್ನಿ. ಅರಕಲಗೂಡಿನ ಆ ತಂದೆಗೆ ಈಗಲೂ ಇರೋ ಕೊರಗು ಅದೇ. ಹುಡುಗ ಮುಂದಿನ ವರ್ಷ ಹಾಸನದಲ್ಲೇ ಸೇರಿ, ಹಾಸ್ಟೆಲಲ್ಲಿದ್ದು ಓದ್ತಾ ಇದ್ದಾನೆ.

ಸರ್ಕಾರಿ ಹಾಸ್ಟೆಲ್ ಬೇಕಾದವರಿಗೆ: ಸಮಾಜ ಕಲ್ಯಾಣ, ಹಿಂದುಳಿದ ವರ್ಗ (ಬಿಸಿಎಂ), ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲುಗಳು ಹಾಸನದಲ್ಲೂ ಬೇರೆ ಜಿಲ್ಲಾ ಕೇಂದ್ರಗಳಲ್ಲೂ ಇವೆ. ಅರ್ಜಿ ಆನ್‌ಲೈನ್, ರಾಜ್ಯ ಹಾಸ್ಟೆಲ್ ಪೋರ್ಟಲ್ ಮೂಲಕ. ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ನೆರವಾಗೋ ವಿದ್ಯಾಸಿರಿ ಇದೆ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿಕೊಂಡು, ಮುಗಿದಿದ್ದರೆ ಕಾಲೇಜು ಶುರುವಾಗೋ ಮೊದಲೇ ನಾಡಕಚೇರಿಗೆ ಅರ್ಜಿ ಹಾಕಿ. ಅಡ್ಮಿಷನ್ ಸಮಯದಲ್ಲಿ ಅಲ್ಲಿ ಸಾಲು ಉದ್ದ ಇರುತ್ತೆ.